ಎರಡು ಕಾಟಾ, ಒಂದೇ ಲೆಕ್ಕದ ಪುಸ್ತಕ: ಲಾಕ್ ಹಾಕಿ ಅಟಾಮಿಕ್ ಮಾಡುವುದು ಹೇಗೆ?

ಶಿರಸಿಯ ಒಂದು ಅಡಿಕೆ ವಖಾರಿ ಎಂದುಕೊಳ್ಳಿ. ಒಂದು ಕಾಟಾದಲ್ಲಿ ಚಾಲಿ, ಇನ್ನೊಂದರಲ್ಲಿ ರಾಶಿ ಎಂಬ ಬಗೆಯ ಅಡಿಕೆ ತೂಗುತ್ತಿದ್ದಾರೆ. ಚೀಲದ ಲೆಕ್ಕ ಬರೆಯುವ ಪುಸ್ತಕ ಮಾತ್ರ ಒಂದೇ. ಅದರಲ್ಲಿ 40 ಇದೆ. ಇಬ್ಬರೂ ಒಟ್ಟಿಗೆ ಇಣುಕಿ 40 ನೋಡಿಕೊಂಡರು, ಮನಸ್ಸಲ್ಲೇ ಒಂದು ಕೂಡಿಸಿದರು, ಇಬ್ಬರೂ 41 ಬರೆದರು. ಒಂದು ಚೀಲ ಲೆಕ್ಕದಿಂದಲೇ ಮಾಯ! ಎರಡು ಥ್ರೆಡ್‌ಗಳು (ಒಂದೇ ಪ್ರೋಗ್ರಾಂ ಒಳಗೆ ಒಟ್ಟೊಟ್ಟಿಗೆ ನಡೆಯುವ ಕೆಲಸದ ಎಳೆಗಳು) ಒಂದೇ ಕೌಂಟರ್ ಏರಿಸುವಾಗ ಆಗುವುದೂ ಇದೇ. ಓದು, ಕೂಡಿಸು, ಬರೆ. ಈ ಮೂರರ ನಡುವೆ ಯಾರೂ ನುಗ್ಗಬಾರದು. ಅದೇ ಅಟಾಮಿಕ್.

ಸಿ ಭಾಷೆಯ 2011ರ ಸ್ಟ್ಯಾಂಡರ್ಡ್‌ನಲ್ಲಿ ಇದಕ್ಕೆ ಸೌಲಭ್ಯ ಬಂತು, ಆದರೆ ಕಂಪೈಲರ್ ಕೊಡಲೇಬೇಕು ಎಂದೇನಿಲ್ಲ. 32 ಬಿಟ್‌ನ ಕೆಲವು ಪ್ರೊಸೆಸರ್‌ಗಳಿಗೆ 64 ಬಿಟ್ ಸಂಖ್ಯೆಯನ್ನು ಒಂದೇ ಏಟಿಗೆ ಬರೆಯಲೂ ಆಗದು. ಅಂಥಲ್ಲಿ ಲಾಕ್ ಬೇಕು, ಅಂದರೆ ಒಂದು ಸಲಕ್ಕೆ ಒಂದೇ ಥ್ರೆಡ್ ಹಿಡಿಯಬಹುದಾದ ಬೀಗ.

ಮೊದಲು ನಾಲ್ಕು ಫಂಕ್ಷನ್ ಬರೆಯಿರಿ: ಓದು, ಬರೆ, ಕೂಡಿಸು, ಹೋಲಿಸಿ ಬದಲಿಸು. ಪ್ರತಿಯೊಂದೂ ಮ್ಯೂಟೆಕ್ಸ್ (ಅದೇ ಲಾಕ್) ಹಿಡಿದು, ಕೆಲಸ ಮುಗಿಸಿ, ಬಿಡಬೇಕು. ಕೊನೆಯದು ಹೇಳುವುದಿಷ್ಟು: ‘ನಾನು ನೋಡಿದ 40 ಈಗಲೂ ಇದ್ದರೆ 41 ಮಾಡು, ಇಲ್ಲದಿದ್ದರೆ ಮುಟ್ಟಬೇಡ, ಈಗ ಎಷ್ಟಿದೆ ಹೇಳು.’

‘ಸುಮ್ನೆ ಓದೋಕೆ ಲಾಕ್ ಯಾಕೆ?’ ಅನ್ನಿಸುತ್ತದೆ, ಅಲ್ವಾ? ನಾನೂ ಒಮ್ಮೆ ಹಾಗೇ ಬಿಟ್ಟಿದ್ದೆ. 64 ಬಿಟ್ ಸಂಖ್ಯೆ ಎರಡು ತುಂಡಾಗಿ ಬರುವ ಕಡೆ ಅರ್ಧ ಹಳೆಯದು, ಅರ್ಧ ಹೊಸದು ಸಿಕ್ಕಿತು. ಯಾರೂ ಬರೆಯದ ಸಂಖ್ಯೆ ಅದು! ಓದುವುದಕ್ಕೂ ಲಾಕ್ ಬೇಕೇ ಬೇಕು.

ಇಡೀ ಪ್ರೋಗ್ರಾಂಗೆ ಒಂದೇ ಲಾಕ್ ಇಟ್ಟರೆ ಸರತಿ ಜಾಸ್ತಿ. ಅದಕ್ಕೆ 64 ಲಾಕ್‌ಗಳ ಒಂದು ಸಾಲು ಮಾಡಿ, ವೇರಿಯಬಲ್‌ನ ವಿಳಾಸ ನೋಡಿ ಒಂದನ್ನು ಆರಿಸಿ. ಒಂದು ವಿಳಾಸಕ್ಕೆ ಯಾವತ್ತೂ ಅದೇ ಲಾಕ್ ಸಿಗಬೇಕು. ಎರಡು ವೇರಿಯಬಲ್‌ಗೆ ಒಂದೇ ಲಾಕ್ ಬಿದ್ದರೆ ತಡವಾದೀತು, ಲೆಕ್ಕ ತಪ್ಪದು. ಜಿಸಿಸಿ ಕಂಪೈಲರ್‌ನ ಲಿಬ್‌ಅಟಾಮಿಕ್ ಲೈಬ್ರರಿ ಮಾಡುವುದೂ ಇಂಥದ್ದನ್ನೇ.

ಒಂದು ಕಡೆ ಲಾಕ್, ಇನ್ನೊಂದು ಕಡೆ ಪ್ರೊಸೆಸರ್‌ನ ಸ್ವಂತ ಅಟಾಮಿಕ್ ಸೂಚನೆ ಅಂತ ಒಂದೇ ವೇರಿಯಬಲ್ ಮೇಲೆ ಬೆರೆಸಬೇಡಿ. ಯಾವುದು ಎಂಬುದನ್ನು ಒಂದೇ ಹೆಡರ್ ಫೈಲ್‌ನಲ್ಲಿ ತೀರ್ಮಾನಿಸಿ. ಸಿಗ್ನಲ್ ಹ್ಯಾಂಡ್ಲರ್‌ನಲ್ಲಂತೂ (ಸಿಗ್ನಲ್ ಬಂದಾಗ ನಡೆಯುತ್ತಿರುವ ಕೆಲಸ ತಡೆದು ಮಧ್ಯೆ ಓಡುವ ಫಂಕ್ಷನ್) ಈ ಫಂಕ್ಷನ್‌ಗಳನ್ನು ಕರೆಯಲೇಬೇಡಿ. ಲಾಕ್ ಹಿಡಿದ ಥ್ರೆಡ್‌ಗೇ ಸಿಗ್ನಲ್ ಬಂದರೆ ಅದು ತನಗಾಗಿ ತಾನೇ ಕಾಯುತ್ತಾ ನಿಂತುಬಿಡುತ್ತದೆ.

ಕೊನೆಗೆ ಪರೀಕ್ಷೆ. 8 ಥ್ರೆಡ್, ಒಂದೊಂದೂ ಲಕ್ಷ ಸಲ ಏರಿಸಲಿ. ಉತ್ತರ 8,00,000 ಬರಬೇಕು. ಒಂದು ಕಡಿಮೆ ಬಂದರೂ ಕೋಡ್‌ನ ಯಾವುದೋ ಸಾಲು ಲಾಕ್ ತಪ್ಪಿಸಿ ಬರೆಯುತ್ತಿದೆ, ಹುಡುಕಿ.