ಠಾಣೆಯಿಂದ ಬರಿಗೈಲಿ ಬರಬೇಡಿ: ತಾಲ್ಲೂಕು ಕೋರ್ಟಿನ ವಕೀಲೆಯೊಬ್ಬಳ ಅನುಭವ

ನಾನು ಹಳೇ ಮೈಸೂರು ಭಾಗದ ಒಂದು ತಾಲ್ಲೂಕು ಕೋರ್ಟಿನಲ್ಲಿ ವಕೀಲಿಕೆ ಮಾಡುತ್ತೇನೆ. ಕಾನೂನು ಸೇವಾ ಸಮಿತಿಯ ಪ್ಯಾನೆಲ್‌ನಲ್ಲೂ ಇದ್ದೇನೆ. ಆರೋಪಿಗಳು ಹೇಗಾದರೂ ಮಾಡಿ ಒಬ್ಬ ವಕೀಲರನ್ನು ಹುಡುಕಿಕೊಳ್ಳುತ್ತಾರೆ. ಏಟು ತಿಂದವರು ಮಾತ್ರ ‘ನಮ್ಮ ಕಡೆ ಸರ್ಕಾರಿ ವಕೀಲರು ಇರ್ತಾರಲ್ಲ’ ಅಂತ ಸುಮ್ಮನಾಗಿಬಿಡುತ್ತಾರೆ. ನಾನು ಜಾಸ್ತಿ ಮಾಡುವುದು ಇವರ ಕೆಲಸ. ಅದರಲ್ಲಿ ಅರ್ಧಕ್ಕರ್ಧ ಠಾಣೆಯ ಮೇಜಿನ ಮುಂದೆಯೇ ನಡೆಯುತ್ತದೆ, ಕೋರ್ಟ್ ಹಾಲ್ ಆಮೇಲೆ.

ಯಾರೇ ಬಂದರೂ ನಾನು ಮೊದಲು ಕೇಳುವುದು, ‘ಠಾಣೆಯವರು ನಿಮ್ಮ ಕೈಗೆ ಏನು ಕೊಟ್ಟರು?’ ಅಂತ. ‘ಬರೆದ್ಕೊಂಡ್ರು ಮೇಡಂ, ಕರೀತೀವಿ ಅಂದ್ರು’ ಅನ್ನುವುದು ಮಾಮೂಲಿ ಉತ್ತರ. ಎಲ್ಲಿ ಬರೆದುಕೊಂಡರು, ಯಾವ ನಂಬರ್, ಯಾರಿಗೂ ಗೊತ್ತಿರುವುದಿಲ್ಲ.

ಬದುವಿನ ಗಲಾಟೆಯ ಒಂದು ಕೇಸನ್ನೇ ಹಿಡಿದು ಹೇಳುತ್ತೇನೆ. ಗುರುತು ಸಿಗದಂತೆ ಕೆಲವು ವಿವರ ಬಿಟ್ಟಿದ್ದೇನೆ. ಮಧ್ಯವಯಸ್ಸಿನ ಹೆಂಗಸು. ಹೊಲದ ಬದುವಿನ ವಿಷಯಕ್ಕೆ ಮೈದುನ ಗುದ್ದಲಿ ಕಾವಿನಿಂದ ಬಲಗೈಗೆ ಹೊಡೆದಿದ್ದ. ಮಣಿಕಟ್ಟು ಊದಿಕೊಂಡಿತ್ತು. ತಾಲ್ಲೂಕು ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿಸಿಕೊಂಡು ಠಾಣೆಗೆ ಹೋದರೆ, ಅಲ್ಲಿ ‘ಎನ್‌ಸಿ’ ಅಂತ ಮಾಡಿ, ‘ಅಣ್ಣ ತಮ್ಮಂದಿರ ಜಗಳ, ಊರಲ್ಲೇ ಕೂತು ಮಾತಾಡ್ಕೊಳ್ಳಿ’ ಅಂದು ಕಳಿಸಿದ್ದರು.

ಈ ಎನ್‌ಸಿ ಏನು ಅಂತ ತಿಳಿದುಕೊಂಡರೆ ಅರ್ಧ ದಾರಿ ಸವೆದ ಹಾಗೆ. ಪೊಲೀಸರು ಕೋರ್ಟಿನ ಅನುಮತಿ ಇಲ್ಲದೆ ತಾವಾಗಿಯೇ ತನಿಖೆ ಮಾಡಬಹುದಾದ ಅಪರಾಧಗಳಿವೆ. ಅವಕ್ಕೆ ಎಫ್‌ಐಆರ್ ಆಗಲೇಬೇಕು. ಉಳಿದವಕ್ಕೆ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಅವು ಎನ್‌ಸಿ, ಅಂದರೆ ನಾನ್ ಕಾಗ್ನಿಜಬಲ್. 2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ, ಸಿಆರ್‌ಪಿಸಿ ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿವೆ. ನ್ಯಾಯ ಸಂಹಿತೆಯ ಕಲಂ 115(2), ಅಂದರೆ ಸಾಧಾರಣ ಗಾಯ, ಎನ್‌ಸಿ. ಬರೀ ಬೈಗುಳವೂ ಎನ್‌ಸಿ. ಆದರೆ ಮೂಳೆ ಮುರಿದರೆ ಅದು ಕಲಂ 117(2)ರ ತೀವ್ರ ಗಾಯ. ಏಳು ವರ್ಷದವರೆಗೆ ಶಿಕ್ಷೆ ಇದೆ, ಎಫ್‌ಐಆರ್ ಆಗಲೇಬೇಕು. ಒಂದೇ ಘಟನೆಯಲ್ಲಿ ನಾಲ್ಕು ಅಪರಾಧ ಇದ್ದು, ಅದರಲ್ಲಿ ಒಂದು ಇಂಥದ್ದಾದರೂ ಸಾಕು. ಇಡೀ ಪ್ರಕರಣ ಎಫ್‌ಐಆರ್ ಲೆಕ್ಕಕ್ಕೆ ಬರುತ್ತದೆ.

ಹಾಗಾಗಿ ನಾನು ಠಾಣೆಗೆ ಹೋಗುವ ಮೊದಲು ಆಸ್ಪತ್ರೆಗೆ ಹೋದೆ. ಎಂಎಲ್‌ಸಿ ರಿಜಿಸ್ಟರ್‌ನಲ್ಲಿ, ಅಂದರೆ ಪೊಲೀಸ್ ಕೇಸ್ ಆಗಬಹುದಾದ ಗಾಯಗಳನ್ನು ಆಸ್ಪತ್ರೆಯವರು ಬರೆದಿಡುವ ಪುಸ್ತಕದಲ್ಲಿ, ಆಕೆಯ ಹೆಸರು ಇತ್ತು, ಅದು ದೊಡ್ಡ ಸಮಾಧಾನ. ಎಷ್ಟೋ ಜನ ಡಾಕ್ಟರ ಹತ್ತಿರ ‘ಜಾರಿ ಬಿದ್ದೆ’ ಅಂದಿರುತ್ತಾರೆ, ಮನೆ ಮರ್ಯಾದೆ ಅಂತ. ಆಮೇಲೆ ಕೋರ್ಟಿನಲ್ಲಿ ಎದುರು ವಕೀಲರು ಹಿಡಿಯುವುದು ಅದನ್ನೇ. ಈಕೆ ಹೊಡೆದವನ ಹೆಸರು, ಕಾವಿನಿಂದ ಹೊಡೆದದ್ದು ಎರಡನ್ನೂ ಹೇಳಿದ್ದರು. ಆದರೆ ಎಕ್ಸ್‌ರೇ ಆಗಿರಲಿಲ್ಲ. ಡಾಕ್ಟರು ಅಭಿಪ್ರಾಯ ಬಾಕಿ ಇಟ್ಟಿದ್ದರು. ಜಿಲ್ಲಾಸ್ಪತ್ರೆಗೆ ಬರೆಸಿಕೊಂಡು ಎಕ್ಸ್‌ರೇ ತೆಗೆಸಿದೆವು. ಮೂಳೆ ಬಿರುಕು ಬಿಟ್ಟಿತ್ತು. ಠಾಣೆಯವರಿಗೆ ಇದು ಗೊತ್ತಿರಲಿಲ್ಲ ಅನ್ನುವುದು ನಿಜ. ತಿಳಿದುಕೊಳ್ಳುವ ಗೋಜಿಗೆ ಹೋಗಲಿಲ್ಲ ಅನ್ನುವುದೂ ನಿಜ.

ಇನ್ನು ದೂರು. ಆಕೆ ಯಾರ ಹತ್ತಿರವೋ ಬರೆಸಿದ್ದ ದೂರು ತಾತನ ಕಾಲದ ಪಾಲಿನಿಂದ ಶುರುವಾಗಿತ್ತು. ಸರ್ವೆ ನಂಬರ್, ಪೋಡಿ, ಹಳೇ ಪಂಚಾಯ್ತಿ ಎಲ್ಲ ಬಂದು, ಏಟು ಬಿದ್ದದ್ದು ಕೊನೇ ಪುಟದಲ್ಲಿತ್ತು. ಇಂಥ ದೂರನ್ನು ಓದಿದ ಯಾವ ಪಿಎಸ್‌ಐ ಆದರೂ ‘ಇದು ಸಿವಿಲ್ ಮ್ಯಾಟರ್’ ಅಂದುಬಿಡುತ್ತಾರೆ. ನಾನು ಅದನ್ನು ತಲೆಕೆಳಗು ಮಾಡಿದೆ. ಯಾವತ್ತು, ಎಷ್ಟು ಹೊತ್ತಿಗೆ, ಎಲ್ಲಿ, ಯಾರು, ಯಾವುದರಿಂದ, ಮೈಯ ಯಾವ ಭಾಗಕ್ಕೆ ಹೊಡೆದರು, ಯಾರು ನೋಡಿದರು, ಯಾರು ಆಸ್ಪತ್ರೆಗೆ ಕರೆದುಕೊಂಡು ಹೋದರು. ಜಮೀನಿನ ವಿಷಯ ಕೊನೆಗೆ ಒಂದೇ ಸಾಲು. ‘ಹೊಡೆದ’ ಅಂತ ಬರೆಯುವುದಕ್ಕೂ ‘ಗುದ್ದಲಿ ಕಾವಿನಿಂದ ಬಲಗೈ ಮಣಿಕಟ್ಟಿಗೆ ಹೊಡೆದ’ ಅಂತ ಬರೆಯುವುದಕ್ಕೂ ಕಲಂಗಳಲ್ಲೇ ವ್ಯತ್ಯಾಸ ಬರುತ್ತದೆ. ಕಲಂ ನಂಬರ್‌ಗಳನ್ನು ದೂರಿನಲ್ಲಿ ನಾನು ಹಾಕುವುದಿಲ್ಲ. ಅದು ಠಾಣೆಯವರ ಕೆಲಸ, ಮೇಲಾಗಿ ವಕೀಲರು ಹೇಳಿಕೊಟ್ಟು ಬರೆಸಿದ್ದು ಅನ್ನಿಸಿಕೊಳ್ಳುವುದೂ ಬೇಡ.

ಓದು ಬರಹ ಬಾರದವರು ದೂರು ಬರೆದುಕೊಂಡೇ ಹೋಗಬೇಕು ಅಂತೇನಿಲ್ಲ. ಬಾಯಲ್ಲಿ ಹೇಳಿದರೆ ಠಾಣೆಯವರೇ ಬರೆದುಕೊಂಡು, ಓದಿ ಹೇಳಿ, ಸಹಿ ಹಾಕಿಸಿಕೊಳ್ಳಬೇಕು. ಸುರಕ್ಷಾ ಸಂಹಿತೆಯ ಕಲಂ 173 ಹೇಳುವುದು ಇದನ್ನೇ. ಇಮೇಲ್‌ನಲ್ಲಿ ಕಳಿಸಿದರೂ ನಡೆಯುತ್ತದೆ, ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಘಟನೆ ನಮ್ಮ ಸರಹದ್ದಲ್ಲ ಅಂತ ವಾಪಸ್ ಕಳಿಸುವ ಹಾಗೂ ಇಲ್ಲ. ಜೀರೋ ಎಫ್‌ಐಆರ್ ಮಾಡಿ ಸಂಬಂಧಪಟ್ಟ ಠಾಣೆಗೆ ಅವರೇ ಕಳಿಸಬೇಕು. ಎಫ್‌ಐಆರ್ ಪ್ರತಿ ಬಿಟ್ಟಿ. ಮೊದಲು ದೂರು ಕೊಟ್ಟವರಿಗೆ ಮಾತ್ರ ಅಂತ ಇತ್ತು, ಈಗ ಸಂತ್ರಸ್ತರಿಗೂ ಕೊಡಬೇಕು ಅಂತ ಸೇರಿಸಿದ್ದಾರೆ.

ಎಕ್ಸ್‌ರೇ ವರದಿ, ಹೊಸ ದೂರು, ಅದರ ಜೆರಾಕ್ಸ್ ಹಿಡಿದು ಆಕೆಯ ಜೊತೆ ಠಾಣೆಗೆ ಹೋದೆ. ಪಿಎಸ್‌ಐ ಮರ್ಯಾದೆಯಿಂದಲೇ ಮಾತಾಡಿದರು. ‘ಮೇಡಂ, 14 ದಿನ ಪ್ರಾಥಮಿಕ ವಿಚಾರಣೆಗೆ ಅವಕಾಶ ಇದೆ, ನೋಡೋಣ’ ಅಂದರು. ಅವಕಾಶ ಇರುವುದು ಹೌದು. ಆದರೆ ಅದು ಮೂರು ವರ್ಷದಿಂದ ಏಳು ವರ್ಷದ ಒಳಗಿನ ಶಿಕ್ಷೆಯ ಅಪರಾಧಗಳಿಗೆ, ಅದೂ ಡಿವೈಎಸ್‌ಪಿ ಅನುಮತಿ ಪಡೆದು. ತೀವ್ರ ಗಾಯಕ್ಕೆ ಏಳು ವರ್ಷದವರೆಗೆ ಇದೆ, ಏಳರ ಒಳಗೆ ಅಲ್ಲ. ಅದನ್ನು ಮೆಲ್ಲಗೆ ಹೇಳಿದೆ. ಲಲಿತಾ ಕುಮಾರಿ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಎಫ್‌ಐಆರ್ ಕಡ್ಡಾಯ ಅಂದದ್ದನ್ನೂ ನೆನಪಿಸಿದೆ. ಸಂಜೆ ನೋಡೋಣ ಅಂದರು. ಠಾಣೆಯ ಸಂಜೆ ಯಾವತ್ತು ಆಗುತ್ತದೆ ಅಂತ ಹೇಳುವುದು ಕಷ್ಟ.

ನಾನು ಅಲ್ಲಿ ಜಗಳ ಆಡಲಿಲ್ಲ. ಆಡುವುದೂ ಇಲ್ಲ. ನಾಳೆ ಮಹಜರು ಬರೆಯುವವರು, ಸಾಕ್ಷಿ ಹೇಳಿಕೆ ತೆಗೆದುಕೊಳ್ಳುವವರು ಇವರೇ ಅಲ್ವಾ? ಜೆರಾಕ್ಸ್ ಪ್ರತಿಯ ಮೇಲೆ ಠಾಣೆಯ ಸೀಲು, ತಾರೀಖು, ಸಹಿ ಕೇಳಿದೆ. ಇಷ್ಟನ್ನು ಯಾರೂ ಇಲ್ಲ ಅನ್ನುವುದಿಲ್ಲ. ಇಲ್ಲ ಅಂದರೆ ಯಾಕೆ ಅಂತ ಹಿಂಬರಹ ಕೊಡಿ ಅಂತ ಕೇಳುತ್ತೇನೆ. ಬರೆದು ಕೊಡುವ ಮಾತು ಬಂದ ತಕ್ಷಣ ಎಷ್ಟೋ ಸಲ ಎಫ್‌ಐಆರ್ ತಾನಾಗಿ ಆಗುತ್ತದೆ.

ಈ ಸಲ ಆಗಲಿಲ್ಲ. ಮುಂದಿನ ದಾರಿ ಕಲಂ 173(4)ರಲ್ಲಿದೆ. ದೂರಿನ ಸಾರಾಂಶವನ್ನು ಎಸ್‌ಪಿಗೆ ಬರಹದಲ್ಲಿ, ಅಂಚೆ ಮೂಲಕ ಕಳಿಸಬೇಕು. ನಾನು ಸೀಲು ಬಿದ್ದ ಪ್ರತಿ, ಎಕ್ಸ್‌ರೇ ವರದಿ ಲಗತ್ತಿಸಿ ಕಳಿಸಿದೆ. ರಸೀತಿ, ತಲುಪಿದ್ದಕ್ಕೆ ಪುರಾವೆ ಎರಡನ್ನೂ ಜೋಪಾನ ಮಾಡಿದೆ. ಎಸ್‌ಪಿ ಕಚೇರಿಗೆ ನೇರ ಹೋಗಿ ಮನವಿ ಕೊಟ್ಟರೂ ಸರಿ, ಆದರೆ ಅಂಚೆಯದ್ದೂ ಇರಲಿ. ಯಾಕೆಂದರೆ ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಕಲಂ 175(3)ರಲ್ಲಿ ಅರ್ಜಿ ಹಾಕಬೇಕು. ಅದಕ್ಕೆ ಪ್ರಮಾಣಪತ್ರ (ಅಫಿಡವಿಟ್) ಬೇಕು. ಠಾಣೆಗೆ ಹೋಗಿದ್ದೆ, ಎಸ್‌ಪಿಗೆ ಬರೆದಿದ್ದೆ ಅಂತ ತೋರಿಸಬೇಕು. ಈ ಮೆಟ್ಟಿಲು ಹತ್ತದೆ ನೇರ ಕೋರ್ಟಿಗೆ ಹೋದ ಅರ್ಜಿಗಳು ವಾಪಸ್ ಬರುತ್ತವೆ. ನಮಗೆ ಅಲ್ಲಿಯವರೆಗೆ ಹೋಗುವ ಪ್ರಸಂಗ ಬರಲಿಲ್ಲ. ಎಸ್‌ಪಿ ಕಚೇರಿಯಿಂದ ಠಾಣೆಗೆ ಫೋನ್ ಬಂದಿರಬೇಕು, ಕಲಂ 117(2) ಹಾಕಿ ಎಫ್‌ಐಆರ್ ಆಯಿತು.

ಮರುದಿನವೇ ಎದುರಿನವರು ಕೌಂಟರ್ ಕೇಸ್, ಅಂದರೆ ಈಕೆಯ ಮೇಲೆಯೇ ತಿರುಗು ದೂರು, ಕೊಟ್ಟರು. ಬದುವಿನ ಜಗಳದಲ್ಲಿ ಇದು ಇದ್ದೇ ಇರುತ್ತದೆ, ಹೆದರಬೇಕಿಲ್ಲ. ಆಕೆಗೆ ನಿಜಕ್ಕೂ ಹೊಟ್ಟೆ ಉರಿದದ್ದು ಮೈದುನ ಅವತ್ತೇ ಜಾಮೀನಿನ ಮೇಲೆ ಮನೆಗೆ ಬಂದಾಗ. ‘ದುಡ್ಡು ತಿಂದ್ಬಿಟ್ರು ಮೇಡಂ’ ಅಂತ ಫೋನ್ ಮಾಡಿದರು. ಅಕ್ಕಾ, ಇದು ಜಾಮೀನು ಕೊಡಲೇಬೇಕಾದ ಅಪರಾಧ, ಠಾಣೆಯಲ್ಲೇ ಬಿಡುತ್ತಾರೆ ಅಂತ ಬಿಡಿಸಿ ಹೇಳಬೇಕಾಯಿತು. ಇದನ್ನು ಮೊದಲೇ ಹೇಳುವುದು ಪೊಲೀಸರಿಗೂ ಒಳ್ಳೆಯದು, ಆದರೆ ಯಾರೂ ಹೇಳುವುದಿಲ್ಲ. ಜಾಮೀನು ಕೊಡುವುದು ಕೋರ್ಟಿನ ವಿವೇಚನೆಗೆ ಬಿಟ್ಟ ದೊಡ್ಡ ಅಪರಾಧವಾದರೆ ನಾವು ಅಲ್ಲೇ ತಕರಾರು ಹಾಕಬಹುದು. ಲಖೀಂಪುರ ಖೇರಿ ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್, ಸಂತ್ರಸ್ತರ ಮಾತನ್ನು ಪ್ರತಿ ಹಂತದಲ್ಲೂ ಕೇಳಬೇಕು ಅಂತ ಹೇಳಿ, ಕೊಟ್ಟಿದ್ದ ಜಾಮೀನನ್ನೇ ರದ್ದು ಮಾಡಿತು.

ತನಿಖೆಯ ಸಮಯದಲ್ಲಿ ನಾನು ಕೆಲವೇ ವಿಷಯ ನೋಡಿಕೊಳ್ಳುತ್ತೇನೆ. ಹೆಂಗಸರನ್ನು, 60 ದಾಟಿದವರನ್ನು ಹೇಳಿಕೆಗೆ ಅಂತ ಠಾಣೆಗೆ ಕರೆಸುವಂತಿಲ್ಲ, ಅವರ ಮನೆಗೇ ಬರಬೇಕು. ದೂರಿಗೆ ಸಹಿ ಬೇಕು, ಆದರೆ ತನಿಖೆಯಲ್ಲಿ ಬರೆದುಕೊಳ್ಳುವ ಸಾಕ್ಷಿ ಹೇಳಿಕೆಗೆ ಸಹಿ ಹಾಕಿಸಿಕೊಳ್ಳುವಂತಿಲ್ಲ. ಖಾಲಿ ಹಾಳೆಗಂತೂ ಬೇಡವೇ ಬೇಡ. ಆಮೇಲೆ 90 ದಿನದ ಲೆಕ್ಕ. ತನಿಖೆ ಎಲ್ಲಿಗೆ ಬಂತು ಅಂತ ದೂರುದಾರರಿಗೆ ಅಥವಾ ಸಂತ್ರಸ್ತರಿಗೆ 90 ದಿನದೊಳಗೆ ಪೊಲೀಸರೇ ತಿಳಿಸಬೇಕು ಅಂತ ಕಲಂ 193(3) ಹೇಳುತ್ತದೆ. ಮೊಬೈಲಿಗೆ ಮೆಸೇಜ್ ಹಾಕಿದರೂ ಆಯಿತು. ಹೊಸ ಕಾನೂನಿನಲ್ಲಿ ನನಗೆ ತುಂಬ ಉಪಯೋಗಕ್ಕೆ ಬಂದದ್ದು ಇದು. ತಾವಾಗಿ ತಿಳಿಸುವವರು ಕಡಿಮೆ. ಅದಕ್ಕೆ ನಾನೇ ಕ್ರೈಂ ನಂಬರ್ ಹಾಕಿ, ಈ ಕಲಂ ಬರೆದು, ಒಂದು ಪುಟದ ಪತ್ರ ಕೊಡುತ್ತೇನೆ. ಅಂಥ ಪತ್ರ ಹೋದ ಮೇಲೆ ಗಾಯದ ಸರ್ಟಿಫಿಕೇಟ್ ಬಂತು, ಬಾಕಿ ಇದ್ದ ಸಾಕ್ಷಿಗಳ ಹೇಳಿಕೆ ಆಯಿತು. ಪತ್ರದಿಂದಲೇ ಆಯಿತು ಅಂತ ನಾನು ಹೇಳಲಾರೆ. ಆದರೆ ಅದಕ್ಕೆ ಮೊದಲು ಫೈಲ್ ಅಲ್ಲಾಡಿರಲಿಲ್ಲ.

ಒಂದು ವೇಳೆ ಬಿ ರಿಪೋರ್ಟ್ ಹಾಕಿದರೆ, ಅಂದರೆ ಕೇಸಿನಲ್ಲಿ ಹುರುಳಿಲ್ಲ ಅಂತ ಮುಚ್ಚಿದರೆ, ಕೋರ್ಟ್ ಅದನ್ನು ಒಪ್ಪುವ ಮೊದಲು ದೂರುದಾರರಿಗೆ ನೋಟಿಸ್ ಕೊಡಬೇಕು. 1985ರಿಂದಲೂ ಸುಪ್ರೀಂ ಕೋರ್ಟಿನ ತೀರ್ಪು ಇದೆ. ನೋಟಿಸ್ ಬಂದಾಗ ‘ಮತ್ತೆ ಯಾಕೆ ಕೋರ್ಟು’ ಅಂತ ಮನೆಯಲ್ಲೇ ಕೂರಬಾರದು. ಹೋಗಿ ತಕರಾರು ಅರ್ಜಿ ಹಾಕಬೇಕು.

ನಮ್ಮ ಕೇಸಿನಲ್ಲಿ ಚಾರ್ಜ್‌ಶೀಟ್ ಆಗಿದೆ. ಕೇಸ್ ನಡೆಸುವವರು ಎಪಿಪಿ, ಅಂದರೆ ಸರ್ಕಾರಿ ವಕೀಲರು, ನಾನಲ್ಲ. ಆದರೆ ಅವರಿಗೆ ನೆರವಾಗಲು ಸಂತ್ರಸ್ತರು ತಮ್ಮ ವಕೀಲರನ್ನು ಇಟ್ಟುಕೊಳ್ಳಲು ಕೋರ್ಟ್ ಅನುಮತಿ ಕೊಡಬಹುದು. ವಕೀಲರಿದ್ದರೆ ಚಾರ್ಜ್‌ಶೀಟಿನ ಪ್ರತಿಯೂ ಸಂತ್ರಸ್ತರಿಗೆ ಸಿಗಬೇಕು. ಎಪಿಪಿ ಕೈಯಲ್ಲಿ ಒಂದೇ ದಿನ ರಾಶಿ ಕೇಸ್ ಇರುತ್ತವೆ. ಸಾಕ್ಷಿ ಹೇಳುವ ದಿನ ಎಕ್ಸ್‌ರೇ ಎಲ್ಲಿದೆ, ಯಾವ ಡಾಕ್ಟರು ಬರಬೇಕು ಅಂತ ಪಕ್ಕದಲ್ಲಿ ನಿಂತು ಹೇಳುವವರು ಇದ್ದರೆ ಅವರಿಗೂ ಅನುಕೂಲ. ಬಿಡುಗಡೆಯ ತೀರ್ಪು ಬಂದರೆ ಮೇಲ್ಮನವಿ ಹಾಕುವ ಹಕ್ಕು ಸಂತ್ರಸ್ತರಿಗೇ ಇದೆ. ರಾಜಿ ಆಗುವ ಮನಸ್ಸಿದ್ದರೆ ಅದು ಕೋರ್ಟಿನ ಮುಂದೆ, ಅನುಮತಿ ಪಡೆದು ಆಗಲಿ. ಠಾಣೆಯ ಬೆಂಚಿನ ಮೇಲೆ ಆದ ರಾಜಿಗೆ ಬೆಲೆ ಇಲ್ಲ.

ಲೈಂಗಿಕ ದೌರ್ಜನ್ಯದ ಪ್ರಕರಣಗಳ ದಾರಿ ಬೇರೆ. ಅಲ್ಲಿ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಬರೆದುಕೊಳ್ಳದ ಅಧಿಕಾರಿಗೆ ನ್ಯಾಯ ಸಂಹಿತೆಯ ಕಲಂ 199ರಲ್ಲಿ ಜೈಲು ಶಿಕ್ಷೆಯೇ ಇದೆ. ಸರ್ಕಾರಿಯೋ ಖಾಸಗಿಯೋ, ಯಾವ ಆಸ್ಪತ್ರೆಯಾದರೂ ತಕ್ಷಣ ಬಿಟ್ಟಿ ಚಿಕಿತ್ಸೆ ಕೊಡಬೇಕು. ಹೆಸರು, ಗುರುತು ಹೊರಗೆ ಹಾಕುವುದು ಅಪರಾಧ.

ಇನ್ನು ದುಡ್ಡಿನ ವಿಷಯ. ಪರಿಹಾರ ಅಂದರೆ ಹೊಡೆದವನು ಕೊಡುವುದು ಅಂತಲೇ ಎಲ್ಲರ ಲೆಕ್ಕ. ಅದಲ್ಲದೆ ಸರ್ಕಾರದ ಸಂತ್ರಸ್ತರ ಪರಿಹಾರ ಯೋಜನೆ ಇದೆ, ನಮ್ಮ ರಾಜ್ಯದ್ದು 2011ರದ್ದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅರ್ಜಿಯನ್ನು ಎರಡು ತಿಂಗಳಲ್ಲಿ ವಿಚಾರಿಸಿ ತೀರ್ಮಾನಿಸಬೇಕು. ಅಪರಾಧಿ ಯಾರು ಅಂತಲೇ ಪತ್ತೆಯಾಗದೆ ಕೇಸ್ ನಿಂತಿದ್ದರೂ ಅರ್ಜಿ ಹಾಕಬಹುದು. ಈಕೆಯ ಅರ್ಜಿಗೆ ಎಫ್‌ಐಆರ್, ಗಾಯದ ಸರ್ಟಿಫಿಕೇಟ್, ಆಸ್ಪತ್ರೆ ಬಿಲ್ ಲಗತ್ತಿಸಿದ್ದೇವೆ. ಕೂಲಿಗೆ ಹೋಗಲಾಗದ ದಿನಗಳ ಲೆಕ್ಕವನ್ನೂ ಬರೆದಿದ್ದೇವೆ.

ವಕೀಲರಿಗೆ ಫೀಸ್ ಕೊಡುವ ಶಕ್ತಿ ಇಲ್ಲದಿದ್ದರೆ ತಾಲ್ಲೂಕು ಕೋರ್ಟಿನಲ್ಲೇ ಇರುವ ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಕೊಡಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರಿಗೆ ಆದಾಯದ ಮಿತಿ ನೋಡುವುದಿಲ್ಲ. ಫೋನಿನಲ್ಲಾದರೆ 15100. ಹೋಗುವಾಗ ಸೀಲು ಬಿದ್ದ ದೂರಿನ ಪ್ರತಿ, ಆಸ್ಪತ್ರೆಯ ಚೀಟಿ, ಆಧಾರ್ ಕಾರ್ಡ್ ತೆಗೆದುಕೊಂಡು ಹೋಗಿ. ಸೀಲು ಹಾಕಿಸಿಕೊಂಡಿಲ್ಲ ಅಂದರೂ ಪರವಾಗಿಲ್ಲ, ಅಲ್ಲಿಂದಲೇ ಶುರು ಮಾಡೋಣ.