ಹೈಪೋ ಬಿಟ್ಟೆವು, ನೀರಿನ ಬಣ್ಣ ಇಳಿಯಿತು

ಜಮಖಂಡಿ ಹತ್ತಿರ ನಮ್ಮದು ಸಣ್ಣ ಪೇಪರ್ ಘಟಕ. ಕಬ್ಬಿನ ಬಗ್ಯಾಸನ್ನು (ರಸ ಹಿಂಡಿದ ಸಿಪ್ಪೆ) ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿ ಪಲ್ಪ್, ಅಂದರೆ ನಾರಿನ ತಿರುಳು, ಮಾಡಿ, ಹೈಪೋದಲ್ಲಿ (ಹೈಪೋಕ್ಲೋರೈಟ್ ಎಂಬ ಕ್ಲೋರಿನ್ ಬ್ಲೀಚ್) ಬಿಳುಪು ಮಾಡುತ್ತಿದ್ದೆವು. "ಏನ್ರೀ ಸಾವ್ಕಾರ್ರ, ಹಳ್ಳದಾಗ ಚಹಾ ಹರಿಯಾಕತ್ತೈತಲ್ರೀ" ಎಂದು ಪಕ್ಕದ ಹೊಲದವರು ಕೇಳಿದರು.

ಆ ಬಣ್ಣ ಲಿಗ್ನಿನ್‌ದು, ಅಂದರೆ ಗಿಡದ ನಾರುಗಳನ್ನು ಅಂಟಿಸಿ ಹಿಡಿದಿಡುವ ವಸ್ತುವಿನದು. ಅದಕ್ಕೆ ಕ್ಲೋರಿನ್ ಸೇರಿದರೆ ಬೇಗ ಕೊಳೆಯದ ಸಂಯುಕ್ತಗಳು ಹುಟ್ಟುತ್ತವೆ, ಕೆಲವು ಮೀನಿಗೂ ವಿಷ. ಹಾಗಾಗಿ ಬಿಳುಪಿಗೆ ಮೊದಲೇ ಪಲ್ಪ್ ಚೆನ್ನಾಗಿ ತೊಳೆಯಬೇಕು. ಕೊನೆಯ ತೊಟ್ಟಿಯ ನೀರನ್ನು ಹಿಂದಿನ ತೊಟ್ಟಿಗೆ ತಿರುಗಿಸಿದೆವು. ಪಲ್ಪ್ ಮುಂದೆ ಹೋಗುತ್ತದೆ, ನೀರು ಹಿಂದೆ ಬರುತ್ತದೆ. ಹೊಸ ನೀರೂ ಕಡಿಮೆ ಸಾಕು.

ಆಮೇಲೆ ಹೈಪೋ ಬದಲು ಹೈಡ್ರೋಜನ್ ಪೆರಾಕ್ಸೈಡ್. ಪೇಚಾಟ ಶುರುವಾಗಿದ್ದೇ ಇಲ್ಲಿ. ತೊಟ್ಟಿ ತುಂಬ ಗುಳ್ಳೆ, ಪಲ್ಪ್ ಮಾತ್ರ ಹಳದಿ! ಕಾರಣ ನಮ್ಮ ಬೋರ್ ನೀರು. ಅದರಲ್ಲಿನ ಕಬ್ಬಿಣ, ಮ್ಯಾಂಗನೀಸ್ ಪೆರಾಕ್ಸೈಡನ್ನು ಸುಮ್ನೆ ಒಡೆದು ಆಮ್ಲಜನಕ ಮಾಡಿ ಹಾರಿಸುತ್ತಿದ್ದವು. ಮೊದಲು ಡಿಟಿಪಿಎ (ಇಂಥ ಲೋಹಗಳನ್ನು ಹಿಡಿದುಕೊಳ್ಳುವ ರಾಸಾಯನಿಕ) ಹಾಕಿ ಪಲ್ಪ್ ತೊಳೆದೆವು. ನಂತರ ಪೆರಾಕ್ಸೈಡ್ ಜೊತೆ, ಅದು ಸುಮ್ನೆ ಒಡೆಯದಂತೆ, ಸೋಡಿಯಂ ಸಿಲಿಕೇಟ್, ಚೂರು ಮೆಗ್ನೀಸಿಯಂ ಸಲ್ಫೇಟ್. ಪಿಎಚ್ 10.5ರಿಂದ 11, ಶಾಖ 70 ಡಿಗ್ರಿ ಆಸುಪಾಸು. ಗುಳ್ಳೆ ನಿಂತಿತು, ಪಲ್ಪ್ ಬೆಳ್ಳಗಾಯಿತು. ಡಿಟಿಪಿಎ ಕೂಡ ಬೇಗ ಕೊಳೆಯಲ್ಲ, ಕೈಯಳತೆಯಲ್ಲಿ ಸುರಿಯಬೇಡಿ, ತೂಗಿ ಹಾಕಿ. ತುಕ್ಕು ಹಿಡಿದ ಪೈಪ್ ಇದ್ದರೆ ಅದನ್ನೂ ಬದಲಿಸಿ.

ಹಾಳೆ ಮೊದಲಿನಷ್ಟು ಬೆಳ್ಳಗಿಲ್ಲ, ನಿಜ. ಲಗ್ನಪತ್ರಿಕೆಗೆ ಕೆನೆ ಬಣ್ಣವೇ ಚೆಂದ ಅಲ್ವಾ? ಗಿರಾಕಿಗಳು ತಕರಾರು ಮಾಡಿಲ್ಲ.

ನೀರಿನಲ್ಲಿ ಬಿಒಡಿ (ಕೊಳೆಯುವಾಗ ನೀರಿನ ಆಮ್ಲಜನಕ ಎಳೆದುಕೊಳ್ಳುವ ಕಲ್ಮಶದ ಅಳತೆ) ಇನ್ನೂ ಇದೆ, ಸಂಸ್ಕರಣೆ ಬೇಕೇ ಬೇಕು. ಉಳಿದ ಪೆರಾಕ್ಸೈಡನ್ನು ಪೊಟ್ಯಾಸಿಯಂ ಅಯೊಡೈಡ್ ಮತ್ತು ಪಿಷ್ಟ ಸವರಿದ ಪಟ್ಟಿಯಲ್ಲಿ ನೋಡಿ, ಪಟ್ಟಿ ನೀಲಿಯಾಗದಿದ್ದರೆ ಮಾತ್ರ ನೀರನ್ನು ಸಂಸ್ಕರಣೆಯ ತೊಟ್ಟಿಗೆ ಬಿಡುತ್ತೇವೆ.