ಸಿಪಿಎಚ್‌ಕ್ಯು ಪರೀಕ್ಷೆಗೆ ಕೂರುವ ಮುನ್ನ

ತಪಾಸಣೆಯ ದಿನಾಂಕ ಗೊತ್ತಾದ ಮೇಲಷ್ಟೇ ಎಲ್ಲರಿಗೂ ನೆನಪಾಗುವ ವಿಭಾಗವೊಂದು ದೊಡ್ಡ ಆಸ್ಪತ್ರೆಗಳಲ್ಲಿ ಇರುತ್ತದೆ: ಕ್ವಾಲಿಟಿ. ಅಲ್ಲಿರುವವರು ಹೆಚ್ಚಾಗಿ ನರ್ಸಿಂಗ್, ಆಸ್ಪತ್ರೆ ಆಡಳಿತ, ಫಾರ್ಮಸಿ ಇಲ್ಲವೇ ಲ್ಯಾಬ್‌ನಿಂದ ಬಂದು, ಕೆಲಸ ಮಾಡುತ್ತಲೇ ಕಲಿತವರು. ಗಲ್ಫ್ ಕಡೆ ಹೋಗಬೇಕು, ಇಲ್ಲೇ ಮ್ಯಾನೇಜರ್ ಆಗಬೇಕು ಎನ್ನುವವರ ಕಣ್ಣೆಲ್ಲ ಸಿಪಿಎಚ್‌ಕ್ಯು (ಸರ್ಟಿಫೈಡ್ ಪ್ರೊಫೆಷನಲ್ ಇನ್ ಹೆಲ್ತ್‌ಕೇರ್ ಕ್ವಾಲಿಟಿ) ಪ್ರಮಾಣಪತ್ರದ ಮೇಲೆ. ಅಮೆರಿಕದ ಎನ್‌ಎಎಚ್‌ಕ್ಯು (ಆರೋಗ್ಯಸೇವಾ ಗುಣಮಟ್ಟದ ರಾಷ್ಟ್ರೀಯ ಸಂಘ) ಸಂಸ್ಥೆಯ ಪ್ರಮಾಣೀಕರಣ ಆಯೋಗ ಕೊಡುವ ಈ ಅರ್ಹತೆಗೆ ಇಂಥದ್ದೇ ಪದವಿ ಬೇಕೆಂಬ ನಿಯಮವಿಲ್ಲ. ಹಾಗೆಂದು ಹೊಸಬರು ನುಗ್ಗುವುದು ಜಾಣತನವಲ್ಲ. ಒಂದೆರಡು ವರ್ಷ ಇನ್ಸಿಡೆಂಟ್ ರಿಪೋರ್ಟ್, ಆಡಿಟ್, ಸಮಿತಿ ಸಭೆ ಇವುಗಳಲ್ಲಿ ಬೆರಳದ್ದಿದವರಿಗೆ ಪ್ರಶ್ನೆಗಳು ಅರ್ಥವಾಗುವ ರೀತಿಯೇ ಬೇರೆ.

ಮೊದಲ ಹೆಜ್ಜೆ: ಪರೀಕ್ಷೆಯನ್ನು ಓದಿ

ಪುಸ್ತಕ ಕೊಳ್ಳುವ ಮೊದಲು ಸಂಸ್ಥೆಯ ಜಾಲತಾಣದಿಂದ ಅಭ್ಯರ್ಥಿ ಕೈಪಿಡಿ ಮತ್ತು ವಿಷಯಸೂಚಿ ಇಳಿಸಿಕೊಳ್ಳಿ. ವಿಷಯಸೂಚಿ ಆಗಾಗ ಪರಿಷ್ಕರಣೆಯಾಗುತ್ತದೆ. ಸೀನಿಯರ್ ಕೊಟ್ಟ ಹಳೆಯ ನೋಟ್ಸ್ ನಂಬಿ ಕೂತರೆ ಕೈಬಿಟ್ಟ ಪಾಠಗಳನ್ನೇ ಓದುತ್ತಿರುತ್ತೀರಿ. 140 ಬಹುಆಯ್ಕೆ ಪ್ರಶ್ನೆ, 3 ಗಂಟೆ. ಅಂಕಕ್ಕೆ ಬರುವುದು 125 ಮಾತ್ರ, ಉಳಿದ 15 ಪರೀಕ್ಷಿಸಿ ನೋಡಲಷ್ಟೇ ಸೇರಿಸಿದ, ಅಂಕವಿಲ್ಲದ ಪ್ರಶ್ನೆಗಳು. ಯಾವುವು ಆ ಹದಿನೈದು ಎಂದು ತಿಳಿಯದು, ಹಾಗಾಗಿ ಎಲ್ಲಕ್ಕೂ ಉತ್ತರಿಸಬೇಕು. ಲೆಕ್ಕ ಹಾಕಿದರೆ ಒಂದಕ್ಕೆ ಸುಮಾರು 77 ಸೆಕೆಂಡ್.

ವಾಟ್ಸ್ಆ್ಯಪ್, ಟೆಲಿಗ್ರಾಂನಲ್ಲಿ ‘ನಿಜವಾದ ಪ್ರಶ್ನೆಗಳು’ ಎಂದು ಓಡಾಡುವ ಪಿಡಿಎಫ್‌ಗಳಿಂದ ದೂರವಿರಿ. ನಿಯಮಕ್ಕೆ ವಿರುದ್ಧ ಎಂಬುದು ಒಂದು ಮಾತು. ಅವುಗಳಲ್ಲಿನ ಉತ್ತರಗಳೇ ಎಷ್ಟೋ ಸಲ ತಪ್ಪಿರುತ್ತವೆ ಎಂಬುದು ಇನ್ನೊಂದು.

ಎರಡನೆಯದು: ಅಂಕಿ ಅಂಶದ ಭಯ ಬಿಡಿಸಿಕೊಳ್ಳಿ

ನರ್ಸಿಂಗ್‌ನಿಂದ ಬಂದವರು ರೋಗಿ ಸುರಕ್ಷತೆಯನ್ನು ನಿದ್ದೆಯಲ್ಲೂ ಹೇಳಬಲ್ಲರು, ಡೇಟಾ ಬಂದೊಡನೆ ಪುಟ ತಿರುವುತ್ತಾರೆ. ಆದ್ದರಿಂದ ಅಲ್ಲಿಂದಲೇ ಶುರು ಮಾಡಿ, ಅದೂ ನಿಮ್ಮ ವಾರ್ಡಿನ ರಿಜಿಸ್ಟರ್ ಇಟ್ಟುಕೊಂಡು. ಒಂದು ವಾರ್ಡಿನಲ್ಲಿ ತಿಂಗಳಿಗೆ 3 ರೋಗಿಗಳು ಬಿದ್ದರು, ಇನ್ನೊಂದರಲ್ಲಿ 5. ಯಾವುದು ಕೆಟ್ಟದ್ದು? ಉತ್ತರಿಸಲು ಆತುರಪಡಬೇಡಿ. ಮೊದಲನೆಯದರಲ್ಲಿ ದಿನಕ್ಕೆ ಸರಾಸರಿ 25 ರೋಗಿಗಳು, 30 ದಿನ, ಅಂದರೆ 750 ರೋಗಿ-ದಿನ. 3ನ್ನು 750ರಿಂದ ಭಾಗಿಸಿ ಸಾವಿರದಿಂದ ಗುಣಿಸಿದರೆ ಸಾವಿರ ರೋಗಿ-ದಿನಕ್ಕೆ 4. ಎರಡನೆಯದರಲ್ಲಿ 2,500 ರೋಗಿ-ದಿನ ಇದ್ದರೆ ದರ 2 ಮಾತ್ರ. ಐದು ಜನ ಬಿದ್ದ ವಾರ್ಡೇ ವಾಸಿ! ಕ್ಯಾಥೆಟರ್ ಸೋಂಕಿಗೂ ಇದೇ ದಾರಿ, ಛೇದದಲ್ಲಿ ಮಾತ್ರ ರೋಗಿ-ದಿನದ ಬದಲು ಕ್ಯಾಥೆಟರ್-ದಿನ.

ಸರಾಸರಿಯ ಮೋಸವನ್ನೂ ತಿಳಿದಿರಿ. ಐವರು ರೋಗಿಗಳು 3, 3, 4, 4, 21 ದಿನ ದಾಖಲಾಗಿದ್ದರೆ ಸರಾಸರಿ 7 ದಿನ, ಮಧ್ಯಾಂಕ (ಸಾಲಾಗಿ ಜೋಡಿಸಿದಾಗ ನಡುವೆ ಬರುವ ಸಂಖ್ಯೆ) 4. ಯಾರೂ ಏಳು ದಿನ ಇರಲೇ ಇಲ್ಲ.

ಕಂಟ್ರೋಲ್ ಚಾರ್ಟ್‌ಗೆ ಒಂದಿಡೀ ವಾರ ಕೊಡಿ. 1924ರಲ್ಲಿ ವಾಲ್ಟರ್ ಶೂಹಾರ್ಟ್ ಟೆಲಿಫೋನ್ ಉಪಕರಣ ತಯಾರಿಕೆಗಾಗಿ ರೂಪಿಸಿದ ಈ ನಕ್ಷೆ ಇಂದು ಐಸಿಯು ಗೋಡೆಯ ಮೇಲೂ ಇದೆ. ಪ್ರಕ್ರಿಯೆಯಲ್ಲೇ ಸದಾ ಇರುವ ಏರಿಳಿತ ಯಾವುದು, ವಿಶೇಷ ಕಾರಣದಿಂದ ಬಂದದ್ದು ಯಾವುದು ಎಂದು ಬೇರ್ಪಡಿಸುವುದೇ ಅದರ ಕೆಲಸ. ನಕ್ಷೆಯಲ್ಲಿ ಮೇಲೊಂದು, ಕೆಳಗೊಂದು ಎಳೆದಿರುವ ಮಿತಿಗೆರೆಗಳ ಒಳಗಿನ ಸಣ್ಣ ಏರಿಕೆಗೆಲ್ಲ ತುರ್ತು ಸಭೆ ಕರೆದು ವಾರ್ಡ್ ಇನ್‌ಚಾರ್ಜ್‌ಗೆ ಮೆಮೊ ಕೊಡುವ ನಮ್ಮ ಆಸ್ಪತ್ರೆಗಳ ಚಾಳಿ ಪರೀಕ್ಷೆಯಲ್ಲಿ ತಪ್ಪು ಉತ್ತರ. ವಾಸ್ತವದಲ್ಲೂ ತಪ್ಪೇ.

ಮೂರನೆಯದು: ‘ಯಾರು ಮಾಡಿದ್ದು’ ಎಂಬ ಪ್ರಶ್ನೆ ಮರೆಯಿರಿ

ಪಾಸು ಫೇಲು ನಿರ್ಧಾರವಾಗುವುದು ಇಲ್ಲೇ ಎಂದು ನನ್ನ ಅಂದಾಜು. ಬಾಯಿಪಾಠದ ಪ್ರಶ್ನೆಗಳು ಕಡಿಮೆ. ಸನ್ನಿವೇಶ ಕೊಟ್ಟು ‘ನೀವಾದರೆ ಏನು ಮಾಡುತ್ತೀರಿ’ ಎನ್ನುವವೇ ಹೆಚ್ಚು. ನಾನೇ ಹೊಸೆದ ಒಂದು ಮಾದರಿ: ವಾರ್ಡಿನಲ್ಲಿ ಸಲೈನ್ ಆ್ಯಂಪೂಲ್ ಎಂದುಕೊಂಡು ಗಾಢ ಪೊಟ್ಯಾಶಿಯಂ ಕ್ಲೋರೈಡ್ (ನೇರವಾಗಿ ಚುಚ್ಚಿದರೆ ಪ್ರಾಣಕ್ಕೇ ಕುತ್ತು) ತುಂಬಿಕೊಳ್ಳುತ್ತಿದ್ದ ನರ್ಸ್ ಕೊನೆಯ ಕ್ಷಣದಲ್ಲಿ ಗಮನಿಸಿ ನಿಲ್ಲಿಸಿದರು. ಇದು ಮರುಕಳಿಸದಂತೆ ಅತಿ ಪರಿಣಾಮಕಾರಿ ಕ್ರಮ ಯಾವುದು? ಅವರಿಗೆ ಎಚ್ಚರಿಕೆ ಪತ್ರ, ಎಲ್ಲರಿಗೂ ತರಬೇತಿ, ಆ್ಯಂಪೂಲ್‌ಗೆ ಕೆಂಪು ಲೇಬಲ್, ವಾರ್ಡಿನ ದಾಸ್ತಾನಿನಿಂದಲೇ ಗಾಢ ದ್ರಾವಣ ತೆಗೆದು ಫಾರ್ಮಸಿಯಿಂದ ದುರ್ಬಲಗೊಳಿಸಿದ್ದನ್ನು ಮಾತ್ರ ಕಳಿಸುವುದು.

ನಮ್ಮಲ್ಲಿ ಬಹುಪಾಲು ಮಂದಿ ತರಬೇತಿಗೆ ಟಿಕ್ ಹಾಕುತ್ತಾರೆ, ಏಕೆಂದರೆ ಹಾಜರಿ ಪಟ್ಟಿ ಫೈಲಿಗೆ ಸೇರುತ್ತದೆ. ಸರಿಯುತ್ತರ ಕೊನೆಯದು. ತರಬೇತಿ, ಸುತ್ತೋಲೆಗಳು ಮನುಷ್ಯನ ನೆನಪಿನ ಮೇಲೆ ನಿಂತ ದುರ್ಬಲ ಕ್ರಮಗಳು. ಲೇಬಲ್ ಅದಕ್ಕಿಂತ ಸ್ವಲ್ಪ ಮೇಲು. ತಪ್ಪು ಮಾಡಲು ಅವಕಾಶವನ್ನೇ ಕೊಡದಿರುವುದು ಬಲವಾದದ್ದು. ಜೇಮ್ಸ್ ರೀಸನ್ ಹೇಳಿದ ಸ್ವಿಸ್ ಚೀಸ್ ಮಾದರಿ (ರಕ್ಷಣೆಯ ಪದರಗಳ ತೂತುಗಳೆಲ್ಲ ಒಂದೇ ಸಾಲಿಗೆ ಬಂದಾಗ ಅವಘಡ), ಮೂಲ ಕಾರಣ ವಿಶ್ಲೇಷಣೆ, ಎಫ್ಎಂಇಎ (ಎಲ್ಲೆಲ್ಲಿ ಏನು ಕೆಡಬಹುದು ಎಂದು ಮುಂಚೆಯೇ ಅಳೆಯುವ ವಿಧಾನ) ಎಲ್ಲದರ ತಿರುಳೂ ಇದೇ. ನೆನಪಿಡಿ: ಮೂಲ ಕಾರಣ ವಿಶ್ಲೇಷಣೆ ಅವಘಡದ ನಂತರ, ಎಫ್ಎಂಇಎ ಅವಘಡಕ್ಕೆ ಮೊದಲು. ಎಫ್ಎಂಇಎಯಲ್ಲಿ ತೀವ್ರತೆ, ಸಂಭವ, ಪತ್ತೆ ಮೂರಕ್ಕೂ ಅಂಕ ಕೊಟ್ಟು ಗುಣಿಸಬೇಕು. ಪತ್ತೆ ಹಚ್ಚುವುದು ಕಷ್ಟವಾದಷ್ಟೂ ಅಂಕ ಜಾಸ್ತಿ. ಇದನ್ನು ತಿರುವುಮುರುವು ಮಾಡುವವರು ಬಹಳ.

‘ಫಸ್ಟ್’, ‘ಬೆಸ್ಟ್’, ‘ನೆಕ್ಸ್ಟ್’ ಎಂಬ ಪದಗಳಿಗೆ ಗೆರೆ ಎಳೆದು ಅಭ್ಯಾಸ ಮಾಡಿ. ನಾಲ್ಕು ಆಯ್ಕೆಯೂ ಸರಿಯಿದ್ದು, ಮೊದಲು ಯಾವುದು ಎಂದಷ್ಟೇ ಕೇಳಿರಬಹುದು. ಸುಧಾರಣಾ ತಂಡ ಕಟ್ಟುವ ಮೊದಲು ಈಗಿನ ಸ್ಥಿತಿಯ ಡೇಟಾ ನೋಡಬೇಕು. ಇಡೀ ಆಸ್ಪತ್ರೆಗೆ ಹಬ್ಬಿಸುವ ಮೊದಲು ಒಂದು ವಾರ್ಡಿನಲ್ಲಿ ಪರೀಕ್ಷಿಸಬೇಕು.

ಎನ್‌ಎಬಿಎಚ್ ಗೊತ್ತಿದ್ದರೆ ಸಾಕೇ?

ಸಹಾಯವಾಗುತ್ತದೆ, ಸಾಲದು. ಎನ್‌ಎಬಿಎಚ್ ಅಂದರೆ ನಮ್ಮ ದೇಶದ ಆಸ್ಪತ್ರೆಗಳಿಗೆ ಗುಣಮಟ್ಟದ ಮಾನ್ಯತೆ ಕೊಡುವ ಮಂಡಳಿ. ಅಲ್ಲಿ ನೂರು ಮಾನದಂಡಗಳು, ಅವುಗಳ ಕೆಳಗೆ ನೂರಾರು ಅಂಶಗಳು. ಓದುವಾಗ ‘ಪಾಲಿಸಿ ಇದೆಯೇ’ ಎಂಬ ಕಣ್ಣು ಬೆಳೆಯುತ್ತದೆ. ಇಲ್ಲಿ ಬೇಕಾದದ್ದು ‘ಕೆಲಸ ಮಾಡುತ್ತಿದೆಯೇ’ ಎಂಬ ಕಣ್ಣು. ಆರೋಗ್ಯಸೇವೆಯ ಗುಣಮಟ್ಟ ಅಳೆಯಲು ಡೊನಬೇಡಿಯನ್ 1966ರಲ್ಲಿ ಮುಂದಿಟ್ಟ ರಚನೆ, ಪ್ರಕ್ರಿಯೆ, ಫಲಿತಾಂಶ ಎಂಬ ಮೂರು ವಿಭಾಗ ಹಿಡಿದು ನಿಮ್ಮ ಸೂಚ್ಯಂಕಗಳನ್ನು ವಿಂಗಡಿಸಿ: ಕೈತೊಳೆಯುವ ಸಿಂಕ್ ರಚನೆ, ತೊಳೆಯುವ ಪ್ರಮಾಣ ಪ್ರಕ್ರಿಯೆ, ಸೋಂಕಿನ ದರ ಫಲಿತಾಂಶ. ಸರ್ಕಾರಿ ಆಸ್ಪತ್ರೆಯವರು ಎನ್‌ಕ್ಯೂಎಎಸ್ (ಸರ್ಕಾರಿ ಆಸ್ಪತ್ರೆಗಳ ರಾಷ್ಟ್ರೀಯ ಗುಣಮಟ್ಟ ಮಾನದಂಡ) ಪರಿಶೀಲನಾಪಟ್ಟಿಯಲ್ಲೇ ಈ ಅಭ್ಯಾಸ ಮಾಡಬಹುದು.

ವೇಳಾಪಟ್ಟಿ? ಶಿಫ್ಟ್ ಡ್ಯೂಟಿಯವರಿಗೆ ಮೂರರಿಂದ ನಾಲ್ಕು ತಿಂಗಳು ಬೇಕಾದೀತು. ನೈಟ್ ಡ್ಯೂಟಿಯ ವಾರ ಹೊಸ ಪಾಠ ಬೇಡ, ಆಗಲೇ ಮಾಡಿದ ಅಭ್ಯಾಸ ಪ್ರಶ್ನೆಗಳೇ ಸಾಕು. ಕೊನೆಯ ಮೂರು ವಾರ ಗಡಿಯಾರ ಇಟ್ಟುಕೊಂಡು ಪೂರ್ಣ ಅಣಕು ಪರೀಕ್ಷೆ ಬರೆಯಿರಿ. ತಪ್ಪಿದ ಪ್ರತಿ ಪ್ರಶ್ನೆಯ ಮುಂದೆ ‘ಗೊತ್ತಿರಲಿಲ್ಲ’, ‘ಸರಿಯಾಗಿ ಓದಲಿಲ್ಲ’ ಇವೆರಡರಲ್ಲೊಂದು ಬರೆದುಕೊಳ್ಳಿ. ಎರಡನೆಯದೇ ಹೆಚ್ಚಿದ್ದರೆ ಇನ್ನಷ್ಟು ಪುಸ್ತಕ ಓದಿ ಪ್ರಯೋಜನವಿಲ್ಲ. ಅರ್ಜಿಯಲ್ಲಿನ ಹೆಸರು ಗುರುತಿನ ಚೀಟಿಯಲ್ಲಿ ಇದ್ದಂತೆಯೇ ಇರಲಿ. ಇನಿಶಿಯಲ್ ಬಿಡಿಸಿ ಬರೆಯುವ ವಿಚಾರದಲ್ಲಿ ನಮ್ಮವರು ಎಡವುವುದು ಇಲ್ಲೇ.

ಪಾಸಾದ ಮೇಲೆ ಪ್ರಮಾಣಪತ್ರ ಎರಡು ವರ್ಷ ಊರ್ಜಿತ. ನವೀಕರಣಕ್ಕೆ 30 ಗಂಟೆಗಳ ಮುಂದುವರಿಕೆ ಶಿಕ್ಷಣ ತೋರಿಸಬೇಕು. ಹಾಜರಾದ ಕಾರ್ಯಾಗಾರಗಳ ಸರ್ಟಿಫಿಕೇಟನ್ನು ಆಯಾ ದಿನವೇ ಒಂದು ಫೋಲ್ಡರ್‌ಗೆ ಹಾಕುತ್ತ ಬನ್ನಿ.